ಹೆಕ್ಟರನ ಗುಂಡಿ

ಊರಿನವರು ನನ್ನ ಗಂಡನನ್ನು ಬೈಯುವುದನ್ನು ನಿಲ್ಲಿಸಿಬಿಟ್ಟರು. ಅವನು ಸತ್ತ ಮೇಲೆ ನನ್ನ ಅರಿವಿಗೆ ಬಂದ ಮೊದಲ ಬದಲಾವಣೆ ಅದು.

ಹೆಕ್ಟರ್ ನಮ್ಮ ಸ್ಕೆರಿವಿಕ್‌ನ ಗಾಲ್ಫ್ ಮೈದಾನ ನೋಡಿಕೊಳ್ಳುತ್ತಿದ್ದ. ಒಂಬತ್ತೇ ಹೋಲ್‌ಗಳ ಮೈದಾನ. ಚೆಂಡು ಹೊಡೆಯುವ ಕಟ್ಟೆಯಿಂದ ಬಾವುಟ ನೆಟ್ಟ ಕುಳಿಯವರೆಗಿನ ಒಂದೊಂದು ಹಾದಿಗೂ ಹೋಲ್ ಎಂದೇ ಹೆಸರು. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಕುರಿ ಮೇಯುವ ಬಯಲು. ಹುಲ್ಲು ಕತ್ತರಿಸುವುದು, ಮೊಲ ಕೆದರಿದ್ದನ್ನು ಮುಚ್ಚುವುದು, ಕುರಿ ಅಟ್ಟುವುದು, ಚಳಿಗಾಲದಲ್ಲಿ, ಆಟಗಾರರ ಚೆಂಡು ಸಿಕ್ಕಿಬೀಳಲೆಂದು ಇರುವ ಮರಳಿನ ಗುಂಡಿಗಳನ್ನು ಕಟ್ಟುವುದು, ಎಲ್ಲ ಅವನದೇ. ಗುಂಡಿ ತೋಡುವುದಲ್ಲವೇ, ಕಟ್ಟುವುದೇನು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ತೋಡುವುದು ಅರ್ಧ ದಿನದ ಕೆಲಸವಂತೆ. ಆಮೇಲೆ ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯ ಹಾಗೆ ಕತ್ತರಿಸಿ, ಬೇರು ಮೇಲೆ ಮಾಡಿ, ಸಾಲಿನ ಮೇಲೆ ಸಾಲು ಪೇರಿಸಿ ಗೋಡೆ ಎಬ್ಬಿಸಬೇಕು. ಇಲ್ಲದಿದ್ದರೆ ಒಂದೇ ಬಿರುಗಾಳಿಗೆ ಮರಳೆಲ್ಲ ಕಡಲಾಚೆಯ ನಾರ್ವೆಗೆ ಹೋಗುತ್ತದೆ.

ನಮ್ಮ ಮನೆ ಆರನೆಯ ಹೋಲ್‌ನ ಪಕ್ಕದಲ್ಲಿದೆ. ಅಡುಗೆಮನೆಯ ಕಿಟಕಿ ಅತ್ತ ಕಡೆಗೇ, ಐದನೆಯದರ ಕೊನೆಯ ಗುಂಡಿಗಳೂ ಅಲ್ಲಿಂದ ಕಾಣುತ್ತವೆ. ಬೇಸಿಗೆಯ ಸಂಜೆಗಳಲ್ಲಿ ಬೈಗುಳ ನೇರವಾಗಿ ನಮ್ಮ ಸೂಪಿನ ತಟ್ಟೆಗೇ ಬಂದು ಬೀಳುತ್ತಿತ್ತು.

"ಹೆಕ್ಟರ್, ನಿನ್ನ ಮನೆ ಹಾಳಾಗ!" ಎಂದು ಫಾರ್ಕರ್ ಕೂಗುತ್ತಿದ್ದ. ಫಾರ್ಕರ್ ಮೊದಲು ಸಿಗಡಿ ಹಿಡಿಯುವ ದೋಣಿ ಇಟ್ಟುಕೊಂಡಿದ್ದವನು, ಈಗ ಕ್ಲಬ್ಬಿನ ಕ್ಯಾಪ್ಟನ್.

ಹೆಕ್ಟರ್ ಕಿಟಕಿ ತೆಗೆಯುತ್ತಿದ್ದ. "ಹಾಳಾಗೋಕೆ ಮುಂಚೆ ಒಳಗೆ ಬಾರಯ್ಯ, ಟೀ ಆಗಿದೆ."

"ನಿನ್ನ ಟೀ ಯಾರಿಗೆ ಬೇಕೋ! ಇಲ್ಲಿ ಯಾಕೆ ತೋಡಿದೆ ಇದನ್ನ?"

"ನಿನಗೋಸ್ಕರಾನೇ. ನಿನ್ನ ಚೆಂಡು ಎಲ್ಲಿಗೆ ಹೋಗತ್ತೆ ಅಂತ ಕುರಿಗಳಿಗೂ ಗೊತ್ತು."

ಕಿಟಕಿ ಮುಚ್ಚಿ ಬಂದು ತೃಪ್ತಿಯಿಂದ ಓಟ್ ರೊಟ್ಟಿ ಮುರಿಯುತ್ತಿದ್ದ.

"ಬೈದ ಅಂದ್ರೆ ಗುಂಡಿ ಸರಿಯಾಗಿದೆ ಅಂತ," ಎಂದು ಒಮ್ಮೆ ಹೇಳಿದ. "ಅವನಿಗೆ ಅದು ಕಾಣ್ತಿತ್ತು. ಪಕ್ಕದಲ್ಲಿ ಜಾಗಾನೂ ಇತ್ತು. ಆಸೆಪಟ್ಟ, ಬಿದ್ದ. ಅರ್ಧ ತಪ್ಪು ತನ್ನದೇ ಅಂತ ಒಳಗೊಳಗೇ ಗೊತ್ತು, ಅದನ್ನ ಮುಚ್ಚಿಕೊಳ್ಳೋಕೆ ನನ್ನ ಬೈತಾನೆ. ತಪ್ಪು ಪೂರ್ತಿ ನಂದೇ ಆಗಿದ್ರೆ ಬೈಯೋದೇ ಇಲ್ಲ. ಸುಮ್ಮನಾಗ್ತಾನೆ. ಸುಮ್ಮನಾದ ಅಂದ್ರೆ ಅಲ್ಲಿ ಅನ್ಯಾಯ ಆಗಿದೆ."

ನಾನು ಅಬರ್ಡೀನಿನಲ್ಲಿ ಕಾನೂನು ಓದಿದವಳು. ಪಕ್ಕದ ಪಟ್ಟಣದಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಜಮೀನಿನ ಕಾಗದ ಬರೆಯುತ್ತೇನೆ. "ಈ ವಾದ ಕೋರ್ಟಿನಲ್ಲಿ ನಿಲ್ಲಲ್ಲ," ಎಂದೆ.

"ಕೋರ್ಟಿಗೆ ಯಾರೂ ಖುಷಿಗೆ ಬರಲ್ವಲ್ಲ, ಇಶ್‌ಬೆಲ್."

ಏನು ಕಟ್ಟಿದರೂ ಅವನು ಒಂದು ಬೇಸಿಗೆಯಿಡೀ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಏನನ್ನೂ ಮುಟ್ಟುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಗುದ್ದಲಿ ತೆಗೆದುಕೊಂಡು ಹೋಗಿ ಅರ್ಧ ಕೆಡವಿ ಬರುತ್ತಿದ್ದ. ಕಟ್ಟುವುದು ಚಳಿಗಾಲದ ಕೆಲಸ, ನೋಡುವುದು ಬೇಸಿಗೆಯ ಕೆಲಸ ಎನ್ನುತ್ತಿದ್ದ.

ತನ್ನ ಕೊನೆಯ ಚಳಿಗಾಲದಲ್ಲಿ ಆರನೆಯದಕ್ಕೆ ಕೈ ಹಾಕಿದ. ಅದು ಸಪ್ಪೆ ಹೋಲ್ ಆಗಿತ್ತು. ಅಗಲ ಬಯಲು, ಕಣ್ಣು ಮುಚ್ಚಿ ಹೊಡೆದರೂ ನಡೆಯುತ್ತಿತ್ತು. ನಟ್ಟನಡುವೆ ಒಂದು ಗುಂಡಿ ಕೂರಿಸಿದರೆ ಒಂದು ದಾರಿ ಎರಡಾಗುತ್ತದೆ ಎಂಬುದು ಅವನ ಲೆಕ್ಕ. ಬಲಕ್ಕೆ, ಗುಂಡಿಗೂ ಸಮುದ್ರದ ದಂಡೆಗೂ ನಡುವೆ ಇಕ್ಕಟ್ಟು ದಾರಿ. ಧೈರ್ಯ ಮಾಡಿದವನಿಗೆ ಅಲ್ಲಿಂದ ಬಾವುಟ ನೇರ ಕಾಣುತ್ತದೆ. ಎಡಕ್ಕೆ ಅಗಲವಾದ ದಾರಿ. ಹೆದರಿದವನು ಅತ್ತ ಹೋಗಲಿ, ಆದರೆ ಅಲ್ಲಿಂದ ಮುಂದಿನ ಹೊಡೆತಕ್ಕೆ ಒಂದು ಗುಡ್ಡೆ ಅಡ್ಡ. "ಇಬ್ಬರಿಗೂ ಊಟ ಇದೆ, ಬಡಿಸೋ ಕ್ರಮ ಬೇರೆ," ಎಂದು ನಕ್ಕಿದ್ದ.

ಫೆಬ್ರವರಿಯಲ್ಲಿ ಕೊನೆಯ ಹೆಂಟೆ ಇಟ್ಟು ಬಂದು ಕೈ ತೊಳೆದ. ಅದೇ ವಾರ, ಪಟ್ಟಣದಿಂದ ಬರುವ ಒಂಟಿ ರಸ್ತೆಯ ತಿರುವಿನಲ್ಲಿ, ಹಿಮದ ಮೇಲೆ ಅವನ ವ್ಯಾನು ಜಾರಿತು. ಅದರ ಬಗ್ಗೆ ಇಷ್ಟೇ.

ಆ ಗುಂಡಿ ಬಂದ ಮೇಲೆ ಅಲ್ಲಿ ಯಾರಾದರೂ ಆಡುವುದನ್ನು ಅವನು ನೋಡಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಕಿಟಕಿಯ ಹತ್ತಿರ ನಾನು ನಿಂತೆ.

ಏಪ್ರಿಲ್ ಮೊದಲಲ್ಲಿ ಕೆಲವರು ಬಂದರು. ಹೊಡೆದರು, ನಡೆದರು, ಗುಂಡಿಗಿಳಿದರು, ಬಹಳ ಹೊತ್ತು ಒಳಗಿದ್ದು ಮೇಲೆ ಬಂದರು. ಒಬ್ಬರ ಬಾಯಿಂದಲೂ ಮಾತಿಲ್ಲ. ಕಿಟಕಿಯಲ್ಲಿ ನನ್ನನ್ನು ಕಂಡರೆ ಟೋಪಿ ತೆಗೆಯುತ್ತಿದ್ದರು. ಮರ್ಯಾದೆ ಎಂದುಕೊಂಡೆ. ಆಮೇಲೆ ಹೆಕ್ಟರನ ಮಾತು ನೆನಪಾಗಿ, ಈ ಮೌನ ಯಾವ ಬಗೆಯದು ಎಂದು ತಿಳಿಯದೆ ಹೋಯಿತು. ಒಂದೇ ಒಂದು ಬೈಗುಳ ಬೇಕಾಗಿತ್ತು ನನಗೆ. "ಹೆಕ್ಟರ್" ಎಂದು ಯಾರಾದರೂ ಗಟ್ಟಿಯಾಗಿ ಕೂಗಿದರೆ ಸಾಕಿತ್ತು. ಅವನ ಹೆಸರನ್ನು ಈಗ ಎಲ್ಲರೂ ದನಿ ತಗ್ಗಿಸಿ ಹೇಳುತ್ತಿದ್ದರು.

ಮೇ ಬರುವ ಹೊತ್ತಿಗೆ ಕಿಟಕಿಯಿಂದ ನೋಡಿದರೆ ಆರನೆಯದರಲ್ಲಿ ಯಾರೂ ಕಾಣಿಸುತ್ತಿರಲಿಲ್ಲ. ಜೂನಿನಲ್ಲಿ ಬೇಲಿಯ ಪಕ್ಕ ಹುಲ್ಲಿನ ಮೇಲೆ ಒಂದು ಕಾಲುದಾರಿ ಮೂಡಿತ್ತು. ಐದನೆಯ ಹೋಲ್‌ನಿಂದ ಹೊರಟು, ಆರನೆಯದನ್ನು ಬಳಸಿಕೊಂಡು, ನೇರ ಏಳನೆಯದಕ್ಕೆ.

ಫಾರ್ಕರ್ ಒಂದು ಸಂಜೆ ಮೀನು ತಂದುಕೊಟ್ಟ. ನಾನು ಕೇಳಿದೆ.

"ಬೇಲಿ ಪಕ್ಕ ದಾರಿ ಬಿದ್ದಿದೆಯಲ್ಲ?"

"ಕುರಿಗಳು."

"ಕುರಿಗಳು ಬೂಟು ಹಾಕ್ಕೊಳ್ಳೋಕೆ ಶುರು ಮಾಡಿದ್ದು ಯಾವಾಗಿಂದ?"

ಅವನು ಮೀನನ್ನು ನೋಡಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಐದು ಅಂತ ಬರ್ಕೋತೀವಿ," ಎಂದ ಕೊನೆಗೆ.

"ಏನು ಐದು?"

"ಆರನೇದಕ್ಕೆ ಐದು ಹೊಡೆತ ಅಂತ ಎಲ್ಲರೂ ಬರ್ಕೊಂಡು ಮುಂದಕ್ಕೆ ಹೋಗ್ತೀವಿ. ಯಾರಿಗೂ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಆಡದೇನೇ?"

"ಆಡದೇನೇ."

"ಸ್ಪರ್ಧೆಯಲ್ಲೂ?"

"ಸ್ಪರ್ಧೆಯಲ್ಲೂ. ಪಾದ್ರಿಗಳೂ ಐದು ಅಂತಾನೇ ಬರ್ಕೊಂಡ್ರು."

"ಇದನ್ನ ಯಾರು ತೀರ್ಮಾನ ಮಾಡಿದ್ದು?"

"ಯಾರೂ ಬಾಯಿ ಬಿಡ್ಲಿಲ್ಲ, ಇಶ್‌ಬೆಲ್. ಹಾಗೇ ಆಯ್ತು."

"ಗುಂಡಿ ಕೆಟ್ಟದಾಗಿದೆಯಾ?"

"ಬಹಳ ಚೆನ್ನಾಗಿ ಕಟ್ಟಿದಾನೆ. ಒಂದು ಹೆಂಟೆ ಅಲ್ಲಾಡಿಲ್ಲ."

"ಕಟ್ಟಿದ್ದು ಹೇಗೆ ಅಂತ ಕೇಳ್ಲಿಲ್ಲ ನಾನು."

"ಮೀನು ಇವತ್ತೇ ಮಾಡ್ಕೊಂಬಿಡು, ನಾಳೆಗೆ ಇಡಬೇಡ," ಎಂದು ಎದ್ದ. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ, ಅಕ್ಟೋಬರಿನ ಸಭೆಯಲ್ಲಿ ಒಂದು ವಿಷಯ ಬರುತ್ತದೆ ಎಂದ. ಆರನೆಯದಕ್ಕೆ ಬೇಲಿ ಹಾಕಿ ಕುರಿಗೆ ಬಿಟ್ಟುಬಿಡುವುದು. ಮೊದಲನೆಯ ಹೋಲ್ ಅನ್ನೇ ಎರಡು ಸಲ ಆಡಿ ಒಂಬತ್ತು ಮಾಡಿಕೊಳ್ಳುವುದು.

"ನಿನ್ನ ಕಣ್ಣೆದುರು ಅಲ್ಲಿ ಗುದ್ದಲಿ ಹಿಡಿಯೋ ಮನಸ್ಸು ಯಾರಿಗೂ ಇಲ್ಲಮ್ಮ. ಹೀಗೆ ಮಾಡಿದ್ರೆ ಅವನು ಕಟ್ಟಿದ್ದು ಕಟ್ಟಿದ ಹಾಗೇ ಇರತ್ತೆ. ಯಾರೂ ಮುಟ್ಟಲ್ಲ."

ಯಾರೂ ಮುಟ್ಟುವುದಿಲ್ಲ ಎಂಬ ಮಾತು ನನಗೆ ಹಿತವಾಗಿತ್ತು. ಅದನ್ನು ಬಚ್ಚಿಡುವುದಿಲ್ಲ. ಆ ಬೇಸಿಗೆಯಲ್ಲಿ ಹಲವು ಸಂಜೆ ನಾನು ಹೋಗಿ ಆ ಗುಂಡಿಯಲ್ಲಿ ಕೂತಿದ್ದೇನೆ. ಒಳಗೆ ಗಾಳಿ ತಾಗುವುದಿಲ್ಲ. ಸಮುದ್ರದ ಸದ್ದು ಪಕ್ಕದ ಕೋಣೆಯಲ್ಲಿ ಯಾರೋ ಓಡಾಡುವಂತೆ ಕೇಳುತ್ತದೆ. ಗೋಡೆಯ ಸಾಲುಗಳು ಬೆನ್ನಿಗೆ ಒತ್ತುತ್ತವೆ. ಒಂದೊಂದು ಹೆಂಟೆಯನ್ನೂ ಅವನು ಎರಡು ಕೈಯಲ್ಲಿ ಎತ್ತಿ, ಮೊಣಕಾಲಿನಿಂದ ಒತ್ತಿ ಕೂರಿಸಿದ್ದ. ಕುರಿಗಳಿಗೆ ಬಿಟ್ಟರೆ ಇದು ನನಗೊಬ್ಬಳಿಗೇ ಉಳಿಯುತ್ತದೆ ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಡೋಲಿನಾ ಹಿಂದಿರುಗಿದರು. ಡೋಲಿನಾ ನನ್ನ ಅತ್ತೆ. ಮಗನ ಅಂತ್ಯಕ್ರಿಯೆ ಮುಗಿದ ಮೇಲೆ ಆರ್ಕ್ನಿ ದ್ವೀಪದಲ್ಲಿರುವ ತಂಗಿಯ ಮನೆಗೆ ಹೋದವರು ಬೇಸಿಗೆಯೆಲ್ಲ ಅಲ್ಲೇ ಇದ್ದರು. ನನ್ನ ಭುಜಕ್ಕೆ ಬರುವಷ್ಟು ಎತ್ತರ, ಎಪ್ಪತ್ತು ದಾಟಿದ ವಯಸ್ಸು. ಚೆಂಡನ್ನು ಊರಿನ ಯಾವ ಗಂಡಸಿಗಿಂತಲೂ ನೇರ ಹೊಡೆಯುತ್ತಾರೆ. ಬಂದ ಮರುದಿನವೇ ಕೋಲುಗಳ ಚೀಲ ನನ್ನ ಹೆಗಲಿಗೆ ಹಾಕಿದರು.

"ಮನೇಲಿ ಕೂತು ಬೂದಿ ಬಣ್ಣಕ್ಕೆ ಬಂದಿದ್ದೀಯ. ನಡಿ, ಚೀಲ ಹೊರು."

ಐದನೆಯದು ಮುಗಿಸಿ ಬರುವಾಗ ಮುಂದಿದ್ದ ಫಾರ್ಕರ್ ಬೇಲಿಯ ಕಡೆ ಕೈ ತೋರಿಸಿದ. ಡೋಲಿನಾ ನಿಂತರು.

"ಅದೇನು ಅವನು ಕುರಿ ಕರೆಯೋ ಹಾಗೆ ಕೈ ಬೀಸ್ತಾನೆ?"

ಹೇಳಿದೆ. ಐದು ಬರೆದುಕೊಳ್ಳುವುದು, ಬೇಲಿ, ಸಭೆ, ಎಲ್ಲ. ಅವರು ಮೂಗು ಒರೆಸಿಕೊಂಡರು.

"ನನ್ನ ಮಗ ಕಟ್ಟಿದ್ದನ್ನ ನಾನು ಸುತ್ತು ಹಾಕ್ಕೊಂಡು ಹೋಗ್ಬೇಕಾ? ತೆಗಿ ಆ ಉದ್ದ ಕೋಲು."

ಹೊಡೆತ ಶುರು ಮಾಡುವ ಕಟ್ಟೆಯ ಬಲಕ್ಕೆ ಸಮುದ್ರ. ಅದರ ಮುಂದೆ ನೆಲ ಇಳಿದು, ಮತ್ತೆ ಏರಿ, ಅಡ್ಡಕ್ಕೆ ಒಂದು ಮರಳ ದಿಬ್ಬ. ಡೋಲಿನಾ ಹೊಡೆದರು. ಅಂಥ ಹೊಡೆತ ನಾನು ಆ ವರ್ಷ ನೋಡಿರಲಿಲ್ಲ. ಚೆಂಡು ದಿಬ್ಬದ ನೆತ್ತಿಯ ಮೇಲೆ ಹಾದು ಆಚೆ ಮಾಯವಾಯಿತು. "ಹೇಗೆ?" ಎಂದು ಹುಬ್ಬು ಹಾರಿಸಿದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಸಂತೋಷ ಕಂಡೆ.

ದಿಬ್ಬ ಹತ್ತಿ ಇಳಿದಾಗ ಚೆಂಡು ಗುಂಡಿಯಲ್ಲಿ, ಗೋಡೆಯ ಬುಡಕ್ಕೆ ಅಂಟಿಕೊಂಡು ಕೂತಿತ್ತು.

ಅವರು ಇಳಿದು ಹೊಡೆದರು. ಚೆಂಡು ಗೋಡೆಗೆ ಬಡಿದು ಕಾಲಬುಡಕ್ಕೆ ಬಂತು. ಮತ್ತೆ ಹೊಡೆದರು. ಮತ್ತೆ ಬಂತು. ಮೂರನೆಯ ಸಲ ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಬಗ್ಗಿಯೇ ನಿಂತಿದ್ದರು. ನಾನು ಕಾದೆ. ಇವರೂ ಸುಮ್ಮನಾಗಿಬಿಡುತ್ತಾರೆ ಎಂದುಕೊಂಡೆ.

"ಹೆಕ್ಟರ್!" ಎಂದು ಕಿರುಚಿದರು. ಕಡಲಕ್ಕಿಗಳು ಎದ್ದವು. "ದರಿದ್ರದವನೇ! ಹೆತ್ತ ತಾಯಿಗೆ ಇಂಥ ಗುಂಡಿ ತೋಡ್ತಾರೇನೋ? ನಿನಗೆ ಒದೆ ಕೊಟ್ಟು ಬೆಳೆಸಬೇಕಿತ್ತು, ಬೆಣ್ಣೆ ಹಚ್ಚಿ ಬೆಳೆಸಿದೆ! ಬಾರೋ ಇಲ್ಲಿ, ನೀನೇ ಇಳಿದು ತೋರ್ಸು ಹೇಗೆ ತೆಗೀಬೇಕು ಅಂತ! ಬಾರೋ!"

ಕೋಲು ಎಸೆದು ಮರಳಿನಲ್ಲಿ ಕುಳಿತುಬಿಟ್ಟರು. ನಾನೂ ಇಳಿದು ಪಕ್ಕದಲ್ಲಿ ಕುಳಿತೆ. ಇಬ್ಬರೂ ಎಷ್ಟು ಹೊತ್ತು ಅತ್ತೆವೋ ತಿಳಿಯದು. ಫೆಬ್ರವರಿಯಿಂದ ನನಗೆ ಅಳು ಬಂದಿರಲಿಲ್ಲ.

ಆಮೇಲೆ ಅವರು ತೋಳಿನಿಂದ ಮುಖ ಒರೆಸಿಕೊಂಡು ಕೇಳಿದರು. "ನೀನು ಓದಿದವಳು, ಹೇಳು. ಇದರಲ್ಲಿ ನನ್ನ ತಪ್ಪೇನು?"

"ಏನೂ ಇಲ್ಲ."

"ಚೆನ್ನಾಗೇ ಹೊಡೆದೆ ತಾನೇ?"

"ಬಹಳ ಚೆನ್ನಾಗಿ."

"ಕೆಟ್ಟದಾಗಿ ಹೊಡೆದಿದ್ರೆ ಚೆಂಡು ದಿಬ್ಬ ದಾಟದೆ ನಿಂತು ನಾನು ಬಚಾವಾಗ್ತಿದ್ದೆ. ಒಳ್ಳೆ ಹೊಡೆತಕ್ಕೆ ಕಪಾಳಮೋಕ್ಷ, ಕೆಟ್ಟದಕ್ಕೆ ಮುದ್ದು. ಎಡಕ್ಕೆ ಹೋಗ್ಲಾ ಬಲಕ್ಕೆ ಹೋಗ್ಲಾ ಅಂತ ಯೋಚಿಸೋಕೆ, ಗುಂಡಿ ಕಾಣಬೇಕಲ್ಲ ಮೊದಲು? ನನ್ನ ಮಗ ಹೀಗೆ ಮಾಡೋನಲ್ಲ. ಅವನಿಗೆ ಇದು ಗೊತ್ತಿಲ್ದೆ ಇರತ್ತಾ?"

ಅದೇ ಪ್ರಶ್ನೆ ನನ್ನದೂ. ನಾವು ಕಟ್ಟೆಗೆ ಹಿಂದಿರುಗಿದೆವು. ಡೋಲಿನಾ ಅಲ್ಲಿಂದ ನೋಡಿದರು, ನಾನೂ ನೋಡಿದೆ. ದಿಬ್ಬ, ಅದರಾಚೆ ಆಕಾಶ. ಗುಂಡಿ ಇದೆ ಎನ್ನುವುದಕ್ಕೆ ಗುರುತಿಲ್ಲ. ಆಮೇಲೆ ನನ್ನ ಕಣ್ಣು ಕಟ್ಟೆಯ ಪಕ್ಕದ ಬೆಂಚಿನ ಮೇಲೆ ಬಿತ್ತು. ಹೆಕ್ಟರ್ ನಮ್ಮ ಮನೆಯ ಪ್ರತಿ ಬಾಗಿಲಿಗೂ ತಲೆ ತಗ್ಗಿಸಿ ಬರುತ್ತಿದ್ದವನು. ಅಡುಗೆಮನೆಯ ದೀಪಕ್ಕೆ ಅವನ ಹಣೆಯಿಂದ ನೆಮ್ಮದಿ ಇರಲಿಲ್ಲ. ನಾನು ಬೆಂಚಿನ ಮೇಲೆ ಹತ್ತಿ ನಿಂತೆ.

ಎಲ್ಲವೂ ಅಲ್ಲಿತ್ತು.

ದಿಬ್ಬದ ನೆತ್ತಿಯಾಚೆ ಗುಂಡಿಯ ಗೋಡೆ ಕಪ್ಪು ಹುಬ್ಬಿನ ಹಾಗೆ ಎದ್ದು ಕಾಣುತ್ತಿತ್ತು. ಬಲಕ್ಕೆ ಇಕ್ಕಟ್ಟಾದ ಹಸಿರು ದಾರಿ, ಅದರ ಪಕ್ಕದಲ್ಲೇ ಅಲೆ. ಎಡಕ್ಕೆ ಅಗಲವಾದ, ಸುಲಭವಾದ, ಸ್ವಲ್ಪ ಮೋಸದ ದಾರಿ. ಎಷ್ಟು ಚೆಂದವಿತ್ತೆಂದರೆ, ಆಟ ಬಾರದ ನನಗೂ ಕೋಲು ಕೈಗೆತ್ತಿಕೊಳ್ಳಬೇಕು ಎನಿಸಿತು. ಚಳಿಗಾಲದಲ್ಲಿ ಅವನು ಒಬ್ಬನೇ ಇಲ್ಲಿ ನಿಂತು, ತನ್ನ ಕಣ್ಣಿನ ಎತ್ತರದಿಂದ ನೋಡಿ, ಇದನ್ನು ಕಟ್ಟಿದ್ದ. ಪಕ್ಕದಲ್ಲಿ ನಿಂತು ನನಗೆ ಕಾಣಿಸುತ್ತಿಲ್ಲ ಎನ್ನಲು ಯಾರೂ ಇರಲಿಲ್ಲ.

"ಏನು ಕಾಣತ್ತೆ?" ಎಂದರು ಡೋಲಿನಾ ಕೆಳಗಿನಿಂದ.

ನನಗೆ ಇಳಿಯಲು ಮನಸ್ಸಿರಲಿಲ್ಲ. ಅವನು ನೋಡಿದ್ದನ್ನು ನಾನು ನೋಡುತ್ತಿದ್ದೆ. ಅವನು ಸತ್ತ ಮೇಲೆ ಅಷ್ಟು ಹತ್ತಿರ ನಾನು ಹೋಗಿರಲಿಲ್ಲ, ಆಮೇಲೂ ಹೋಗಿಲ್ಲ.

"ಹುಡುಗಿ, ನನಗೂ ಕೈ ಕೊಡು."

ಕೊಟ್ಟೆ. ಬೆಂಚಿನ ಮೇಲೂ ಅವರಿಗೆ ತುದಿಗಾಲಲ್ಲಿ ನಿಲ್ಲಬೇಕಾಯಿತು. ಬಹಳ ಹೊತ್ತು ನೋಡಿದರು.

"ಉದ್ದನೆ ಪೆದ್ದ," ಎಂದರು ಮೆಲ್ಲಗೆ. "ಊರಿಗೆಲ್ಲ ತನ್ನಷ್ಟೇ ಕಾಲು ಇದೆ ಅಂದ್ಕೊಂಡ."

ಅಕ್ಟೋಬರಿನ ಸಭೆ ಕ್ಲಬ್ಬಿನ ಮರದ ಕೋಣೆಯಲ್ಲಿ ನಡೆಯಿತು. ಬೇಲಿಯ ಮಾತು ಬಂದಾಗ ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ನೋಡತೊಡಗಿದರು. ನಾನು ಎದ್ದು ನಿಂತೆ. ಸುಮ್ಮನಿದ್ದರೆ ಗುಂಡಿ ನನಗುಳಿಯುತ್ತದೆ ಎಂಬುದು ಆ ಗಳಿಗೆಯಲ್ಲೂ ನನ್ನ ತಲೆಯಲ್ಲಿತ್ತು.

"ಆರನೇ ಹೋಲ್ ಈಗ ಇರೋ ಹಾಗೆ ಅನ್ಯಾಯವಾಗಿದೆ," ಎಂದೆ. "ಕಟ್ಟೆಯಿಂದ ಗುಂಡಿ ಕಾಣಲ್ಲ. ಹೆಕ್ಟರ್ ಗಾತ್ರದವನಿಗೆ ಮಾತ್ರ ಕಾಣತ್ತೆ. ಅವನಷ್ಟು ಎತ್ತರ ಈ ಊರಲ್ಲಿ ಬೇರೆ ಯಾರಿದ್ದಾರೆ?"

ಹಿಂದಿನ ಸಾಲಿನಿಂದ ಪಾದ್ರಿಗಳು, "ಚರ್ಚಿನ ಗೋಪುರ," ಎಂದರು. "ಆದರೆ ಅದು ಆಡಲ್ಲ."

ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಫಾರ್ಕರ್ ಮೇಜು ಕುಟ್ಟಿದ.

"ಆ ಗುಂಡೀಲಿ ಹನ್ನೊಂದು ಹೊಡೆದೆ ನಾನು, ಗೊತ್ತಾ! ಏಪ್ರಿಲ್ ಇಂದ ಹೊಟ್ಟೇಲಿ ಇಟ್ಕೊಂಡಿದೀನಿ!"

"ಹನ್ನೊಂದಕ್ಕೆ ಅಳ್ತಾನೆ! ನಾನು ಕೈಯಲ್ಲಿ ಎತ್ತಿ ಎಸೆದೆ!" ಎಂದಳೊಬ್ಬಳು. ಅಲ್ಲಿಂದ ಕೋಣೆಯೆಲ್ಲ ಹೆಕ್ಟರನನ್ನು ಬೈಯುವುದೇ ಆಯಿತು. ನಾನು ಗೋಡೆಗೆ ಒರಗಿ ಕೇಳುತ್ತಾ ನಿಂತೆ. ಯಾರಾದರೂ ನಿಲ್ಲಿಸಿಯಾರು ಎಂದು ಹೆದರಿಕೆಯಾಗುತ್ತಿತ್ತು.

ದಿಬ್ಬವನ್ನು ಕತ್ತರಿಸುವಂತಿರಲಿಲ್ಲ, ಕತ್ತರಿಸಿದರೆ ಗಾಳಿ ಉಳಿದದ್ದನ್ನೂ ಹೊತ್ತೊಯ್ಯುತ್ತದೆ. ಗುಂಡಿಯನ್ನೇ ದಿಬ್ಬದ ಈಚೆಗೆ, ಕಟ್ಟೆಯಿಂದ ಡೋಲಿನಾಗೂ ಕಾಣುವಂತೆ, ತರಬೇಕು. ಅಂದರೆ ಹಳೆಯದನ್ನು ಬಿಚ್ಚಿ ಮುಚ್ಚಬೇಕು.

ನವೆಂಬರಿನ ಒಂದು ಶನಿವಾರ ಎಲ್ಲರೂ ಸಲಿಕೆ ಹಿಡಿದು ಬಂದರು. ಬಂದು ನಿಂತರು. ಯಾರೂ ಮೊದಲ ಏಟು ಹಾಕಲಿಲ್ಲ. ನಾನೇ ಇಳಿದೆ. ಮೇಲಿನ ಸಾಲಿನ ಒಂದು ಹೆಂಟೆ ಹಿಡಿದು ಎಳೆದೆ. ಅದು ಬರಲಿಲ್ಲ. ಒಂದು ಬೇಸಿಗೆಯಲ್ಲಿ ಬೇರುಗಳು ಒಂದರೊಳಗೊಂದು ಇಳಿದು ಗೋಡೆ ಒಂದೇ ಮೈಯಾಗಿತ್ತು. ಅವನು ಇಟ್ಟ ಹಾಗೆ ಒಂದೊಂದಾಗಿ ಬಿಡಿಸುತ್ತೇನೆ ಎಂದುಕೊಂಡಿದ್ದೆ. ಸಲಿಕೆಯಿಂದ ಕತ್ತರಿಸಬೇಕಾಯಿತು. ಬೇರು ಹರಿಯುವ ಸದ್ದು ಬಟ್ಟೆ ಹರಿದಂತಿತ್ತು. ಹೆಂಟೆಯ ಹಿಂದೆ ಏನೋ ಇರುತ್ತದೆ ಎಂದು ಯಾಕೆ ಅನಿಸಿತ್ತೋ. ಮರಳು ಇತ್ತು, ತಣ್ಣಗೆ.

"ಸಾಕು, ಕೊಡು ಇಲ್ಲಿ," ಎಂದು ಫಾರ್ಕರ್ ಸಲಿಕೆಗೆ ಕೈ ಚಾಚಿದ. ಕೊಡಲಿಲ್ಲ.

ಗಟ್ಟಿಯಿದ್ದ ಹೆಂಟೆಗಳು ಹೊಸ ಗೋಡೆಗೆ ಹೋದವು. ಮುರಿದವನ್ನು ಗಾಡಿಗೆ ತುಂಬಿ, ಎರಡನೆಯ ಹೋಲ್‌ನಲ್ಲಿ ಮೊಲ ಕೆದರಿದ ಕಡೆಗಳಿಗೆ ತೇಪೆ ಹಾಕಲು ಒಯ್ದರು. ಒಂದನ್ನು ಮನೆಗೆ ತರಬೇಕೆಂದು ಕೈಗೆತ್ತಿಕೊಂಡೆ. ಡೋಲಿನಾ ನೋಡಿದರು. ಎಲ್ಲಿಡಲಿ, ಕಪಾಟಿನಲ್ಲೇ? ಗಾಡಿಗೆ ಹಾಕಿದೆ.

ಈಗ ಆರನೆಯದರಲ್ಲಿ ಜನ ಆಡುತ್ತಾರೆ. ಕಟ್ಟೆಯ ಮೇಲೆ ನಿಂತು ಗುಂಡಿ ನೋಡಿ ಎಡ ಬಲ ಎಂದು ವಾದ ಮಾಡುತ್ತಾರೆ. ಬೇಲಿಯ ಪಕ್ಕದ ದಾರಿ ಹುಲ್ಲಿನಲ್ಲಿ ಮುಚ್ಚಿಹೋಗಿದೆ.

ಮೇ ತಿಂಗಳ ಒಂದು ಮಧ್ಯಾಹ್ನ, ಕಚೇರಿಗೆ ರಜೆಯಿದ್ದಾಗ, ಎರಡನೆಯ ಹೋಲ್‌ಗೆ ಹೋದೆ. ಆ ತೇಪೆಗಳನ್ನು ಒಮ್ಮೆ ನೋಡಬೇಕಿತ್ತು. ಅಲ್ಲೆಲ್ಲೋ ಹಾಕಿದ್ದು, ಒಂದು ಮುಳ್ಳುಪೊದೆಯ ಈಚೆ. ಬಗ್ಗಿ ಹುಡುಕಿದೆ. ಎಲ್ಲ ಒಂದೇ ಹಸಿರು. ಕೈಯಿಂದ ಸವರಿ ನೋಡಿದೆ. ಎಲ್ಲಿಯೂ ಅಂಚು ಸಿಗಲಿಲ್ಲ.

ಇಬ್ಬರು ಅಪರಿಚಿತರು ಚೀಲ ಹೊತ್ತು ಬಂದರು. ಗಂಡ ಹೆಂಡತಿ ಇರಬೇಕು, ಗ್ಲಾಸ್ಗೋ ಕಡೆಯ ಮಾತು.

"ಏನಾದ್ರೂ ಕಳೀತಾ?" ಎಂದಳು ಆಕೆ.

"ಹೂಂ."

"ಇಲ್ಲೇ ಬಿದ್ದಿದ್ದು ನೋಡಿದ್ರಾ?"

"ಇಲ್ಲೇ ಎಲ್ಲೋ."

"ಬಾರೋ, ಹುಡುಕೋಣ," ಎಂದು ಗಂಡನನ್ನು ಕರೆದಳು. ಇಬ್ಬರೂ ಚೀಲ ಇಳಿಸಿದರು. ಈ ಆಟದಲ್ಲಿ ಕಳೆದ ಚೆಂಡನ್ನು ಯಾರು ಬೇಕಾದರೂ ಹುಡುಕಿಕೊಡುತ್ತಾರೆ, ಅದಕ್ಕೆ ಪರಿಚಯ ಬೇಕಿಲ್ಲ. ಅವರು ತಲೆ ತಗ್ಗಿಸಿ, ಕಾಲಿನಿಂದ ಹುಲ್ಲು ಸರಿಸುತ್ತಾ, ನಾನು ಎಲ್ಲಿ ನಿಂತಿದ್ದೆನೋ ಅಲ್ಲಿಂದ ಸುತ್ತ ನಿಧಾನವಾಗಿ ನಡೆದರು. ನಾನು ಬೇಡ ಎನ್ನಲಿಲ್ಲ. ಅವರ ಜೊತೆ ನಾನೂ ಹುಡುಕಿದೆ.